ಕೂಲಿಮಠದಿಂದ ಅಕ್ಷರ ದಾಸೋಹದವರೆಗೆ: ಬಳ್ಳಾರಿಯ ಒಂದು ವರದಿಯ ಪಾಠ

ಕನ್ನಡ ನಾಡಿನ ಹಳ್ಳಿಗಳಲ್ಲಿ ಮಕ್ಕಳು ಓದು ಕಲಿಯುವ ಸ್ಥಳಕ್ಕೆ ‘ಮಠ’ ಎಂಬ ಹೆಸರು ಬಹುಕಾಲದವರೆಗೆ ಬಳಕೆಯಲ್ಲಿತ್ತು. ಮೈಸೂರು ಸೀಮೆಯವರು ಅದನ್ನು ಕೂಲಿಮಠವೆಂದರು. ಬೇರೆಡೆ ಐಗಳ ಮಠವೆಂದರು. ‘ಸಾಲಿಮಠ’ ಎಂಬ ಮನೆತನದ ಹೆಸರು ಉತ್ತರದ ಜಿಲ್ಲೆಗಳಲ್ಲಿ ಇಂದಿಗೂ ಉಂಟು. ಮಠವೆಂಬ ಪದಕ್ಕೆ ಶಾಲೆಯ ಅರ್ಥ ಹೀಗೆ ಸಹಜವಾಗಿ ಅಂಟಿಕೊಂಡಿರುವುದನ್ನು ಕಂಡು, ಪೂರ್ವಕಾಲದಲ್ಲಿ ಊರೂರಿನಲ್ಲಿಯೂ ವಿದ್ಯೆ ತುಂಬಿ ತುಳುಕುತ್ತಿತ್ತೆಂದು ಅಭಿಮಾನ ತಾಳುವವರಿದ್ದಾರೆ. ಆಂಗ್ಲರು ಬರುವ ಮೊದಲು ಈ ನಾಡಿನ ಸಾಮಾನ್ಯನಿಗೆ ಅಕ್ಷರದ ಗಂಧವೇ ಇರಲಿಲ್ಲವೆಂದು ವಾದಿಸುವವರೂ ಇದ್ದಾರೆ. ಈ ಎರಡು ಮಾತುಗಳಲ್ಲಿ ಯಾವುದೂ ಪೂರ್ಣ ಸತ್ಯವಲ್ಲ. ಇದನ್ನು ಪರಿಶೀಲಿಸಲು ನಮ್ಮ ನಾಡಿಗೇ ಸಂಬಂಧಿಸಿದ ಒಂದು ಆಧಾರವಿದೆ. ಅದು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟ್ ೧೭ರಂದು ಬರೆದ ವರದಿ. ಮಗುವಿನ ಅಕ್ಷರಾಭ್ಯಾಸದಲ್ಲಿ ಮನೆ, ಊರು, ಶಾಲೆ, ಸರಕಾರ ಇವುಗಳ ಪಾಲು ಎಷ್ಟೆಷ್ಟು ಎಂಬ ಪ್ರಶ್ನೆಗೆ ಈ ವರದಿ ಇಂದಿಗೂ ಬೆಳಕು ನೀಡಬಲ್ಲುದು.

ಮದರಾಸು ಪ್ರಾಂತದ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ, ಪ್ರಾಂತದ ಎಲ್ಲ ಜಿಲ್ಲೆಗಳ ಶಾಲೆಗಳ ಸ್ಥಿತಿಯನ್ನು ವಿಚಾರಿಸಿ ತಿಳಿಸಬೇಕೆಂದು ೧೮೨೨ರ ಜೂನ್ ೨೫ರ ತನ್ನ ಟಿಪ್ಪಣಿಯಲ್ಲಿ ಸೂಚಿಸಿದನು. ನಿಜಾಮನು ಬಿಟ್ಟುಕೊಟ್ಟ ಸೀಮೆಯ ಆಡಳಿತವನ್ನು ೧೮೦೦ರಿಂದ ೧೮೦೭ರವರೆಗೆ ತಾನೇ ನಡೆಸಿದ್ದ ಆತನಿಗೆ ಬಳ್ಳಾರಿಯ ಪರಿಚಯ ಚೆನ್ನಾಗಿತ್ತು. ವರದಿಗಳೆಲ್ಲ ಕೈಸೇರಿದ ಬಳಿಕ ೧೮೨೬ರ ಮಾರ್ಚ್ ೧೦ರಂದು ಆತನು ಅವುಗಳ ಸಾರವನ್ನು ಬರೆದನು. ೧,೨೮,೫೦,೯೪೧ ಜನಸಂಖ್ಯೆಯ ಪ್ರಾಂತದಲ್ಲಿ ೧೨,೪೯೮ ಶಾಲೆಗಳೂ ೧,೮೮,೬೫೦ ವಿದ್ಯಾರ್ಥಿಗಳೂ ಇದ್ದರೆಂದು ಅದರಿಂದ ತಿಳಿಯುತ್ತದೆ. ೧೯೮೩ರಲ್ಲಿ ಧರ್ಮಪಾಲರು ಈ ವರದಿಗಳನ್ನು ಒಟ್ಟುಗೂಡಿಸಿ ಗ್ರಂಥರೂಪದಲ್ಲಿ ಪ್ರಕಟಿಸಿದ ಮೇಲೆ ವಿದ್ವಾಂಸರಲ್ಲಿ ಇವುಗಳ ಚರ್ಚೆ ಹೊಸದಾಗಿ ಆರಂಭವಾಯಿತು.

ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹು ವಿಸ್ತಾರವಾದುದು. ಅನಂತಪುರದ ಭಾಗವೂ ಅದರಲ್ಲಿ ಸೇರಿತ್ತು. ಕ್ಯಾಂಬೆಲ್ಲನು ಅಲ್ಲಿ ೫೩೩ ಶಾಲೆಗಳನ್ನು ಲೆಕ್ಕ ಹಾಕಿದ್ದಾನೆ. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರ್ಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಕೇವಲ ಒಂದು. ಉಳಿದ ೨೩ ಬ್ರಾಹ್ಮಣರು ಮಾತ್ರ ಓದುತ್ತಿದ್ದ ಶಾಸ್ತ್ರಾಧ್ಯಯನದ ಸ್ಥಾನಗಳು. ಕಲಿಯುತ್ತಿದ್ದವರ ಒಟ್ಟು ಸಂಖ್ಯೆ ೬,೬೪೧. ಜಿಲ್ಲೆಯ ಜನಸಂಖ್ಯೆ ೯,೨೭,೮೫೭ ಆಗಿದ್ದುದರಿಂದ ಸಾವಿರ ಜನಕ್ಕೆ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದಂತಾಯಿತು.

ಅಂಕಿಗಳಿಗಿಂತಲೂ ಆ ಶಾಲೆ ನಡೆಯುತ್ತಿದ್ದ ಬಗೆಯ ವರ್ಣನೆ ಹೆಚ್ಚು ಸ್ವಾರಸ್ಯಕರವಾಗಿದೆ. ಮಗುವಿಗೆ ಐದು ವರ್ಷ ತುಂಬಿದಾಗ ತಂದೆತಾಯಿಗಳು ಗುರುವನ್ನೂ ಶಾಲೆಯ ಮಕ್ಕಳೆಲ್ಲರನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಸುತ್ತ ಎಲ್ಲರೂ ಕುಳಿತಿರಲು, ಗುರುವು ಮಗುವಿನ ಕೈ ಹಿಡಿದು ಅಕ್ಕಿಯ ಮೇಲೆ ಬರೆಯಿಸುತ್ತಿದ್ದನು. ಮಗು ಶಾಲೆಗೆ ಹೋಗುವ ಮೊದಲು ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಮರುದಿನದಿಂದ ಮರಳಿನ ಮೇಲೆ ಬೆರಳಿನಿಂದ ತಿದ್ದುವ ಅಭ್ಯಾಸ ಮೊದಲಾಗುತ್ತಿತ್ತು. ಬೆಳಗಿನ ಆರು ಗಂಟೆಗೆ ಶಾಲೆ. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನೂ ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆಯುತ್ತಿದ್ದರು; ಮೂರನೆಯವನಿಂದ ಮುಂದಕ್ಕೆ ಪೆಟ್ಟಿನ ಲೆಕ್ಕ ಒಂದೊಂದಾಗಿ ಏರುತ್ತಿತ್ತು.

ಬರೆಯುವುದಕ್ಕೆ ಇದ್ದ ಸಾಧನಗಳೂ ಊರಿನವೇ. ಇದ್ದಿಲ ಪುಡಿ ಬಳಿದ ಹಲಗೆ ಒಂದು. ಬಟ್ಟೆಗೆ ಗಂಜಿ ಹಾಕಿ ಬಿರುಸುಗೊಳಿಸಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟು ಮಾಡಿದ ಕಡತ ಇನ್ನೊಂದು. ಬಳಪದಿಂದ ಬರೆದುದನ್ನು ಒದ್ದೆಯ ಅರಿವೆಯಿಂದ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಕಚೇರಿಯ ಕಾಗದಪತ್ರಗಳ ಕಟ್ಟಿಗೆ ನಾವಿಂದು ಬಳಸುವ ಕಡತವೆಂಬ ಮಾತು ಒಂದು ಕಾಲಕ್ಕೆ ಮಕ್ಕಳ ಕೈಯಲ್ಲಿಯೂ ಇದ್ದುದೆಂಬುದನ್ನು ನೆನೆಯಬೇಕು. ಮುಂದುವರಿದ ಮಕ್ಕಳು ಹಿಂದಿನವರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಬೆಲ್ಲನು ಮನಸಾರೆ ಮೆಚ್ಚಿಕೊಂಡಿದ್ದಾನೆ. ಮದರಾಸಿನ ಅನಾಥಾಲಯದಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ಈ ದೇಶದ ಮರಳಿನ ಬರವಣಿಗೆಯನ್ನು ನೋಡಿ, ಅದನ್ನೂ ಹಿರಿಯ ಮಕ್ಕಳಿಂದ ಕಿರಿಯರಿಗೆ ಕಲಿಸುವ ಕ್ರಮವನ್ನೂ ತನ್ನ ಶಾಲೆಯಲ್ಲಿ ಅಳವಡಿಸಿ, ೧೭೯೭ರಲ್ಲಿ ಇಂಗ್ಲೆಂಡಿನಲ್ಲಿ ಪ್ರಚುರಪಡಿಸಿದ್ದನು. ನಮ್ಮ ಜಗಲಿಯ ಶಾಲೆಯಿಂದ ಆಂಗ್ಲರ ನಾಡೂ ಕಲಿತದ್ದುಂಟು.

ಓದುತ್ತಿದ್ದ ಗ್ರಂಥಗಳ ಪಟ್ಟಿಯೂ ವರದಿಯಲ್ಲಿದೆ. ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳು ಅದರಲ್ಲಿ ಕಾಣಸಿಗುತ್ತವೆ. ಆದರೆ ಕ್ಯಾಂಬೆಲ್ಲನ ಕಟುವಾದ ಆಕ್ಷೇಪವೂ ಇಲ್ಲಿಯೇ ಇದೆ. ಈ ಕಾವ್ಯಗಳ ಭಾಷೆ ಆಡುಮಾತಿನಿಂದ ಬಹು ದೂರವಾದುದು. ಮಕ್ಕಳು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುವರೇ ಹೊರತು ಅರ್ಥವನ್ನು ಅರಿಯರು ಎಂಬುದು ಆತನ ಅಭಿಪ್ರಾಯ. ತೆಲುಗು ಭಾಷೆಗೆ ವ್ಯಾಕರಣ ಬರೆದ ವಿದ್ವಾಂಸನ ಮಾತಾದುದರಿಂದ ಇದನ್ನು ಪರಕೀಯನ ತಾತ್ಸಾರವೆಂದು ತಳ್ಳಿಹಾಕುವಂತಿಲ್ಲ. ಅಕ್ಷರ ಬಲ್ಲುದು ಬೇರೆ, ಓದಿದ್ದನ್ನು ಅರಿಯುವುದು ಬೇರೆ. ಈ ಅಂತರ ಇನ್ನೂರು ವರ್ಷಗಳ ಹಿಂದೆಯೇ ನಮ್ಮ ಶಾಲೆಗಳಲ್ಲಿ ಗೋಚರವಾಗಿತ್ತು.

ಇಂತಹ ಶಾಲೆಯ ವೆಚ್ಚವನ್ನು ಭರಿಸುತ್ತಿದ್ದವರು ಯಾರು? ತಂದೆತಾಯಿಗಳೇ. ಮೊದಲಲ್ಲಿ ತಿಂಗಳಿಗೆ ಕಾಲು ರೂಪಾಯಿ, ಕಾಗದದ ಮೇಲೆ ಬರೆಯುವ ಹಂತಕ್ಕೆ ಬಂದಾಗ ಅರ್ಧ ರೂಪಾಯಿ ಗುರುವಿಗೆ ಸಲ್ಲುತ್ತಿತ್ತು. ೫೩೩ ಶಾಲೆಗಳಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲವೆಂದು ಹೇಳುವಾಗ ಕಲೆಕ್ಟರನು ತನ್ನ ನಾಚಿಕೆಯನ್ನು ಮರೆಮಾಚಿಲ್ಲ. ಹಿಂದಿನ ಅರಸರ ಕಾಲದಲ್ಲಿ ವಿದ್ಯೆಗೆಂದು ಮಾನ್ಯಗಳು ನಡೆದು ಬಂದಿದ್ದವೆಂಬುದನ್ನೂ ಆತನು ಬಲ್ಲನು. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಮಗ್ಗ ನಿಂತಿತು. ಸೇನೆಗಳು ಬೇರೆಡೆಗೆ ಹೋದುದರಿಂದ ಧಾನ್ಯದ ಬೇಡಿಕೆ ಕುಗ್ಗಿತು. ನಾಡಿನ ಹಣ ನಾಡಿನಲ್ಲಿ ಉಳಿಯಲಿಲ್ಲ. ಹೀಗೆ ಬಡವಾದ ಮನೆಗಳು ಗುರುವಿನ ಕಾಲು ರೂಪಾಯಿಯನ್ನೂ ಕೊಡಲಾರದಾದವು. ಎಳೆಯ ಕೈಗಳಿಗೆ ದುಡಿಯುವ ಶಕ್ತಿ ಬಂದೊಡನೆ ಮಕ್ಕಳನ್ನು ಕೆಲಸಕ್ಕೆ ಹಚ್ಚಿದವು. ಮೊದಲು ಶಾಲೆಗಳಿದ್ದ ಅನೇಕ ಊರುಗಳಲ್ಲಿ ಈಗ ಒಂದೂ ಇಲ್ಲವೆಂದು ವರದಿ ತಿಳಿಸುತ್ತದೆ. ಶಾಲೆಯ ಭಾರವೆಲ್ಲ ಮನೆಯ ಮೇಲೆಯೇ ಇದ್ದುದರಿಂದ ಮನೆ ಕುಸಿದಾಗ ಶಾಲೆಯೂ ಕುಸಿಯಿತು.

ಈ ಚಿತ್ರವನ್ನು ಕಂಡು ಹಿಂದಿನದನ್ನು ಕೊಂಡಾಡಲು ಹೊರಡುವವರು ಇನ್ನೊಂದು ಅಂಕಿಯನ್ನು ಮರೆಯಬಾರದು. ೬,೬೪೧ ಮಂದಿಯಲ್ಲಿ ಹೆಣ್ಣುಮಕ್ಕಳು ಕೇವಲ ೬೦. ಅಸ್ಪೃಶ್ಯರೆಂದು ಊರ ಹೊರಗೆ ಇರಿಸಲ್ಪಟ್ಟವರ ಮಕ್ಕಳಿಗೆ ಆ ಜಗಲಿ ದೂರವೇ ಆಗಿತ್ತು. ಸ್ತ್ರೀಯರೂ ಕಾಯಕಜೀವಿಗಳೂ ವಚನಗಳನ್ನು ಹೇಳಿದ ನಾಡಿನಲ್ಲಿಯೇ, ಆರೇಳು ಶತಮಾನಗಳ ತರುವಾಯ, ಅಕ್ಷರ ಇಷ್ಟು ಸಂಕುಚಿತವಾಗಿ ಉಳಿದಿತ್ತೆಂಬುದು ಆತ್ಮಶೋಧನೆಗೆ ಎಡೆಗೊಡುವ ವಿಷಯ. ಊರು ನಡೆಸಿದ ಶಾಲೆ ಊರಿನಷ್ಟೇ ಉದಾರವಾಗಿತ್ತು, ಊರಿನಷ್ಟೇ ಸಂಕುಚಿತವಾಗಿತ್ತು.

ಮನ್ರೋ ಪ್ರತಿ ಜಿಲ್ಲೆಗೂ ಪ್ರತಿ ತಹಸೀಲಿಗೂ ಸರಕಾರಿ ಶಾಲೆಗಳನ್ನು ಯೋಜಿಸಿದನು. ಆದರೆ ೧೮೨೭ರಲ್ಲಿ ಆತನು ಮರಣ ಹೊಂದಿದ ಬಳಿಕ ಆ ಯೋಜನೆ ಸೊರಗಿ, ೧೮೩೬ರ ಹೊತ್ತಿಗೆ ಕೈಬಿಟ್ಟುಹೋಯಿತು. ೧೮೫೪ರ ವುಡ್‌ನ ನಿರೂಪದ ತರುವಾಯ ವಿದ್ಯಾಖಾತೆಗಳು ಹುಟ್ಟಿಕೊಂಡವು. ಪಠ್ಯಪುಸ್ತಕ, ತರಬೇತಿ, ತನಿಖೆಗಳು ಬಂದವು. ಇವೆಲ್ಲ ಬೇಕಾದವುಗಳೇ. ಆದರೆ ಶಾಲೆ ಸರಕಾರದ್ದಾದಂತೆ ಊರು ಪ್ರೇಕ್ಷಕನಾಗುತ್ತ ಬಂದಿತು. ನೆರೆಯ ಮೈಸೂರು ಸಂಸ್ಥಾನದಲ್ಲಿ ೧೮೬೮ರಲ್ಲಿ ಬಿ. ಎಲ್. ರೈಸರು ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಈ ದೃಷ್ಟಿಯಿಂದ ವಿಶೇಷವಾದುದು. ಶಾಲೆಗೆ ಮನೆಯನ್ನು ಊರಿನವರು ಒದಗಿಸಬೇಕು. ಹಳೆಯ ಮಠದ ಗುರುವಿಗೇ ತರಬೇತಿ ಕೊಟ್ಟು ಸರಕಾರ ಸಂಬಳ ನೀಡಬೇಕು. ಹಳತನ್ನು ಕೆಡವದೆ ಅದರ ಮೇಲೆಯೇ ಹೊಸದನ್ನು ಕಟ್ಟುವ ಈ ಕ್ರಮದಲ್ಲಿ ಊರಿಗೂ ಅರಸೊತ್ತಿಗೆಗೂ ಪಾಲಿತ್ತು.

ಕ್ಯಾಂಬೆಲ್ಲನು ಗುರುತಿಸಿದ ಬಡತನವೆಂಬ ಅಡ್ಡಿಗೆ ಮಾತ್ರ ಖಾತೆಯ ನಿಯಮಗಳಲ್ಲಿ ಉತ್ತರವಿರಲಿಲ್ಲ. ಉತ್ತರ ಬಂದುದು ಸಮಾಜದ ಒಳಗಿನಿಂದ. ಧಾರವಾಡದಲ್ಲಿ ೧೮೮೩ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯೂ ಬೆಳಗಾವಿಯಲ್ಲಿ ೧೯೧೬ರಲ್ಲಿ ಕೆ. ಎಲ್. ಇ. ಸಂಸ್ಥೆಯೂ ತಲೆಯೆತ್ತಿದವು. ೧೯೧೭ರಲ್ಲಿ ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಮಠಗಳ ಪ್ರಸಾದ ನಿಲಯಗಳಲ್ಲಿ ಹಳ್ಳಿಯ ಬಡ ಮಕ್ಕಳಿಗೆ ಅನ್ನವೂ ನೆಲೆಯೂ ದೊರೆತವು. ರೈತರು ಕೊಟ್ಟ ಜೋಳ ರಾಗಿಗಳಿಂದಲೇ ಈ ನಿಲಯಗಳು ನಡೆದವೆಂಬುದನ್ನು ಹಿರಿಯರು ಬಲ್ಲರು. ಮೊದಮೊದಲು ಇಂತಹ ಪ್ರಯತ್ನಗಳು ಹೆಚ್ಚಾಗಿ ಒಂದು ಸಮಾಜದ ಗಂಡುಮಕ್ಕಳಿಗೆ ಸೀಮಿತವಾಗಿದ್ದುದು ನಿಜ. ಕ್ರಮೇಣ ಬಾಗಿಲು ಅಗಲವಾಯಿತು. ಸಿದ್ಧಗಂಗೆಯಂತಹ ಕಡೆಗಳಲ್ಲಿ ಎಲ್ಲ ಜಾತಿಮತಗಳ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತರು. ಹಸಿದ ಮಗುವಿಗೆ ಅಕ್ಷರ ರುಚಿಸದೆಂಬ ಸರಳ ತಥ್ಯವನ್ನು ಈ ನಿಲಯಗಳು ಆಚರಣೆಯಲ್ಲಿ ತೋರಿಸಿದವು.

ಈ ತಥ್ಯವನ್ನು ಸರಕಾರವೂ ಕಡೆಗೆ ಅಂಗೀಕರಿಸಿತು. ೨೦೦೨ರಲ್ಲಿ ಕರ್ನಾಟಕ ಸರಕಾರವು ಉತ್ತರದ ಹಿಂದುಳಿದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟವನ್ನು ಆರಂಭಿಸಿ, ಮುಂದೆ ಅದನ್ನು ರಾಜ್ಯದ ಉಳಿದ ಭಾಗಗಳಿಗೂ ವಿಸ್ತರಿಸಿತು. ಮೊದಲು ಆಯ್ದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟುದು ಅರ್ಥಪೂರ್ಣವಾಗಿದೆ. ದಾಸೋಹವು ಉಳ್ಳವನ ಭಿಕ್ಷೆಯಲ್ಲ. ನೀಡುವವನು ತಾನೇ ದಾಸನೆಂದು ಭಾವಿಸಿ ಸಲ್ಲಿಸುವ ಸೇವೆ. ಬಡತನದ ದೆಸೆಯಿಂದ ಮಕ್ಕಳು ಶಾಲೆ ಬಿಟ್ಟರೆಂದು ೧೮೨೩ರಲ್ಲಿ ಬರೆಯಲ್ಪಟ್ಟ ಸೀಮೆಯಲ್ಲಿಯೇ ಸುಮಾರು ೧೮೦ ವರ್ಷಗಳ ಬಳಿಕ ಶಾಲೆಯ ಒಲೆ ಹೊತ್ತಿತು.

ಇದಕ್ಕೆ ಸ್ವಲ್ಪ ಮುಂಚೆ, ೨೦೦೧ರಲ್ಲಿ, ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯನ್ನು ಅನುಸರಿಸಿ ಪ್ರತಿ ಸರಕಾರಿ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ರಚನೆಯಾಯಿತು. ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೂ ಪೋಷಕರೂ ಇರಬೇಕೆಂದೂ ಅರ್ಧದಷ್ಟು ಮಂದಿ ಸ್ತ್ರೀಯರಿರಬೇಕೆಂದೂ ವಿಧಿಸಿತು. ೬,೬೪೧ರಲ್ಲಿ ೬೦ ಹೆಣ್ಣುಮಕ್ಕಳಿದ್ದ ನಾಡಿನಲ್ಲಿ ತಾಯಂದಿರು ಶಾಲೆಯ ಆಡಳಿತಕ್ಕೆ ಬರುವುದು ಸಣ್ಣ ಮಾತಲ್ಲ. ಆದರೂ ೨೦೧೧ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು ೬೭ ಆಗಿತ್ತು; ರಾಜ್ಯದ ಸರಾಸರಿ ೭೫. ಜಿಲ್ಲೆಯ ಸ್ತ್ರೀಯರಲ್ಲಿ ಅದು ಸುಮಾರು ೫೮ ಮಾತ್ರ. ನಡೆಯಬೇಕಾದ ದಾರಿ ಇನ್ನೂ ಉಳಿದಿದೆ.

ಈ ಇತಿಹಾಸದಿಂದ ಹೊರಡುವ ನಿರ್ಣಯ ಸ್ಪಷ್ಟವಾಗಿದೆ. ಊರಿನ ಆಪ್ತತೆಯಿದ್ದ ಕೂಲಿಮಠಕ್ಕೆ ಸಮಾನತೆಯಿರಲಿಲ್ಲ, ಬಡತನವನ್ನು ತಾಳಿಕೊಳ್ಳುವ ಬಲವೂ ಇರಲಿಲ್ಲ. ಸಮಾನತೆಯನ್ನು ಸಾರಿದ ಸರಕಾರಿ ಶಾಲೆಗೆ ಊರಿನ ಆಪ್ತತೆ ಬಹುಕಾಲ ದೊರೆಯಲಿಲ್ಲ. ಎರಡೂ ಕೂಡಿದಲ್ಲಿ ಮಾತ್ರ ಅಕ್ಷರ ನೆಲೆನಿಂತಿತು. ಸಮಿತಿ ಕಾಗದದ ಮೇಲಿದ್ದರೆ ಸಾಲದು. ಗೋಡೆ, ಗಂಟೆ, ಬಿಸಿಯೂಟಗಳ ಮೇಲ್ವಿಚಾರಣೆ ಮಾತ್ರವೇ ಅದರ ಕೆಲಸವೆಂದು ತಿಳಿದರೂ ಸಾಲದು. ಮಗು ಓದಿದ್ದನ್ನು ಅರಿಯುತ್ತದೆಯೇ ಎಂಬುದೇ ಕ್ಯಾಂಬೆಲ್ಲನು ಬಿಟ್ಟುಹೋದ ಪ್ರಶ್ನೆ. ಸಂಜೆಯ ಹೊತ್ತು ಮಗುವನ್ನು ಬಳಿಯಲ್ಲಿ ಕೂಡಿಸಿಕೊಂಡು, ಆ ದಿನ ಓದಿದ ಪಾಠದ ಕಥೆಯನ್ನು ಅದರ ಮಾತಿನಲ್ಲಿಯೇ ಹೇಳಿಸಿ ಕೇಳುವುದಕ್ಕೆ ತಾಯಿಗೆ ಅಕ್ಷರ ಬರಬೇಕೆಂಬ ನಿಯಮವಿಲ್ಲ. ಹಿಂದೆ ಶಾಲೆಯು ಅಕ್ಕಿಯ ಹರಿವಾಣವನ್ನು ಅರಸಿ ಮನೆಗೆ ಬಂದಿತ್ತು. ಈಗ ಮನೆಯವರು ಶಾಲೆಯ ಬಾಗಿಲಿಗೆ ಹೋಗಿ, ತಮ್ಮ ಮಗು ಏನನ್ನು ಅರಿತಿತೆಂದು ಕೇಳಬೇಕಾಗಿದೆ.