ಮುಖ ಯಾರದಾದರೇನು, ತೂಕ ಸರಿಯಿರಲಿ

ಸಕಲೇಶಪುರದಲ್ಲಿ ಕಾಳುಮೆಣಸು ಕೊಳ್ಳುವವರು ಮೊದಲು ನೋಡುವುದು ಲೀಟರ್ ತೂಕ. ಲೀಟರಿಗೆ 550 ಗ್ರಾಂ ತೂಗಿದರೆ ಒಳ್ಳೆಯ ರೇಟು. ಜೊಳ್ಳು ಹೆಚ್ಚಿದರೆ ಬೆಲೆ ಇಳಿಯುತ್ತದೆ. ಸಿಲ್ವರ್ ಓಕ್‌ಗೆ ಬಳ್ಳಿ ಹಬ್ಬಿಸಿದ ನನ್ನಂಥ ಬೆಳೆಗಾರನಿಗೆ ರೋಮನ್ ಬೆಳ್ಳಿ ನಾಣ್ಯದ ಕಥೆ ಹಿಡಿಸಿದ್ದು ಇದೇ ಕಾರಣಕ್ಕೆ.

ರೋಮಿನಲ್ಲಿ ಒಂದು ಪೌಂಡ್ ಕರಿಮೆಣಸಿಗೆ 4 ಡಿನೇರಿಯಸ್ (ರೋಮಿನ ಬೆಳ್ಳಿ ನಾಣ್ಯ) ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅವರ ಪೌಂಡು ನಮ್ಮ ಸುಮಾರು 327 ಗ್ರಾಂ. ಅಂದರೆ ಕಿಲೋಗೆ ಹನ್ನೆರಡು ಬೆಳ್ಳಿ ನಾಣ್ಯ. ಪಡುವಣ ಕರಾವಳಿಯ ಬಂದರುಗಳಿಂದ ಹಡಗೇರಿದ ಆ ಮೆಣಸು ಬೆಳೆದದ್ದು ಈ ಘಟ್ಟಸಾಲಿನಲ್ಲೇ.

ಆ ನಾಣ್ಯಗಳು ಕನ್ನಡನಾಡಿನ ಒಳಗೂ ಬಂದಿವೆ. 1891ರಲ್ಲಿ ಯಶವಂತಪುರದ ರೈಲು ಕಾಮಗಾರಿಯ ಅಗೆತದಲ್ಲಿ 163, 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ಬಳಿ 256. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಸಿಕ್ಕಿವೆ.

ಭಾರತದಲ್ಲಿ ಹೆಚ್ಚಾಗಿ ಸಿಗುವುದು ಎರಡೇ ಬಗೆ. ಮೊದಲನೆಯದರಲ್ಲಿ ಒಂದು ಬದಿಗೆ ರೋಮನ್ ಚಕ್ರವರ್ತಿ ಅಗಸ್ಟಸ್‌ನ ತಲೆ, ತಲೆಗೆ ಲಾರೆಲ್ ಎಲೆಯ ಮಾಲೆ. ಇನ್ನೊಂದು ಬದಿಗೆ ಅವನು ದತ್ತು ಪಡೆದ ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್, ನಡುವೆ ಗುರಾಣಿ, ಈಟಿ. ನನ್ನ ನಂತರ ಆಳುವವರು ಇವರೇ ಎಂದು ಚಕ್ರವರ್ತಿ ಊರೂರಿಗೆ ಸಾರಿದ್ದು ಹೀಗೆ. ಲೂಸಿಯಸ್ ಕ್ರಿ.ಶ. 2ರಲ್ಲಿ, ಗೈಯಸ್ 4ರಲ್ಲಿ ತೀರಿಕೊಂಡರು. ಪಟ್ಟವೇರದ ಆ ಹುಡುಗರು ಮಾತ್ರ ಬೆಳ್ಳಿಯ ಮೇಲೆ ಸಮುದ್ರ ದಾಟಿ ದಖ್ಖನ್ನಿನ ಗಂಟುಗಳನ್ನು ಸೇರಿದರು. ಎರಡನೆಯ ಬಗೆ, ಪಟ್ಟ ದಕ್ಕಿಸಿಕೊಂಡ ಟೈಬೀರಿಯಸ್‌ನದು. ಅದರ ಹಿಂಬದಿಯಲ್ಲಿ ರಾಜದಂಡ, ಕೊಂಬೆ ಹಿಡಿದು ಕುಳಿತ ಹೆಂಗಸು. ಅವಳು ಅವನ ತಾಯಿ ಲಿವಿಯಾ ಎಂದು ಹಲವರ ಮತ.

ಇಲ್ಲಿನ ವರ್ತಕನಿಗೆ ಈ ಮನೆತನದ ಸಂಗತಿ ಯಾಕೆ ಬೇಕು? ಪ್ಲಿನಿ ಹೇಳುವ ಲಂಕೆಯ ಪ್ರಸಂಗ ನನಗೆ ಬಹಳ ಇಷ್ಟ. ಡಿನೇರಿಯಸ್‌ಗಳ ಮೇಲೆ ಬೇರೆ ಬೇರೆ ಮುಖಗಳಿದ್ದರೂ ತೂಕ ಒಂದೇ ಇರುವುದನ್ನು ಕಂಡು ಅಲ್ಲಿನ ಅರಸ ರೋಮನರ ಪ್ರಾಮಾಣಿಕತೆಗೆ ಮೆಚ್ಚಿದನಂತೆ. ನಮ್ಮ ಕಡೆಯ ವ್ಯಾಪಾರಿಯೂ ಹಾಗೇ ನೋಡಿರಬೇಕು ಎಂದು ನಾನು ನಂಬುತ್ತೇನೆ. ಏಕೆಂದರೆ ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ಡಿನೇರಿಯಸ್‌ನ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ಆಮೇಲಿನ ಬೆಳ್ಳಿ ನಾಣ್ಯ ದಕ್ಷಿಣದ ನಿಧಿಗಳಲ್ಲಿ ಅಪರೂಪ. ಬಂದದ್ದು ಹೆಚ್ಚಾಗಿ ಚಿನ್ನ.