ದೊರೆಯನ್ನು ಕೋರ್ಟಿಗೆ ಕರೆಯಬಹುದೇ?

ಗಾಳಿಬೀಡಿನಲ್ಲಿ ಮಳೆ ಹಿಡಿದರೆ ಮಾತಿಗೆ ಬಿಡುವು ಹೆಚ್ಚು. ಅಂಥ ಹೊತ್ತಿನಲ್ಲಿ ನಮ್ಮೆದುರು ಆಗಾಗ ಬಂದು ಬೀಳುವ ಪ್ರಶ್ನೆಯೊಂದಿದೆ: ‘ನಿಮ್ಮ ಮುಸ್ಲಿಂ ದೇಶಗಳಲ್ಲಿ ಸಂವಿಧಾನ ಯಾಕೆ ನಿಲ್ಲುವುದಿಲ್ಲ?’ ಕೇಳುವವರು ನೆರೆಹೊರೆಯವರೇ. ಆ ‘ನಿಮ್ಮ’ ಎಂಬ ಮಾತು ಚುಚ್ಚುತ್ತದೆ. ನಮ್ಮ ದೇಶ ಇದೇ. ಹಾಗೆಂದು ಪ್ರಶ್ನೆಯಿಂದ ನುಣುಚಿಕೊಳ್ಳುವುದು ಸರಿಯಲ್ಲ. ಉತ್ತರವನ್ನು ಕರಾಚಿ, ಕೈರೋಗಳಲ್ಲಿ ಹುಡುಕುವ ಮೊದಲು ಇಲ್ಲಿಯೇ ಹತ್ತಿರದ ಮಡಿಕೇರಿ ಕೋಟೆಯಿಂದ ಶುರುಮಾಡೋಣ.

1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗನ್ನು ವಶಪಡಿಸಿಕೊಂಡಿತು. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪದಚ್ಯುತನಾಗಿ ಕಾಶಿ ಸೇರಿದ. ಆತನ ಕ್ರೌರ್ಯದ ಕಥೆಗಳು ಎಲ್ಲರಿಗೂ ಗೊತ್ತು. ಆದರೆ ಆತ 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋಗಿ, ಕಂಪೆನಿ ವಶಪಡಿಸಿಕೊಂಡಿದ್ದ ತನ್ನ ಸಾಲಪತ್ರಗಳ ಹಣಕ್ಕಾಗಿ ಕಂಪೆನಿಯ ಮೇಲೆಯೇ ದಾವೆ ಹೂಡಿದ್ದನ್ನು ನೆನೆಯುವವರು ಕಡಿಮೆ. 1859ರಲ್ಲಿ ಆತ ಲಂಡನ್ನಿನಲ್ಲಿ ತೀರಿಕೊಂಡ. ಮರುವರ್ಷ ಬಂದ ತೀರ್ಪು ಕಂಪೆನಿಯ ಪರ. ವಶಪಡಿಸಿಕೊಂಡದ್ದು ಯುದ್ಧ ನಡೆಸಿದ ಪ್ರಭುತ್ವದ ಕೃತ್ಯ, ಅದನ್ನು ನ್ಯಾಯಾಲಯ ವಿಚಾರಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ. ಕಾನೂನಿನ ತವರೆಂದು ಹೆಮ್ಮೆಪಡುತ್ತಿದ್ದ ನಾಡೇ ಕೊಡಗಿನ ವಿಷಯದಲ್ಲಿ ದೊರೆಯನ್ನು ಕಾನೂನಿನ ಆಚೆ ನಿಲ್ಲಿಸಿತು.

ಸರಿಸುಮಾರು ಅದೇ ಕಾಲಕ್ಕೆ ಮುಸ್ಲಿಂ ಜಗತ್ತು ಸುಮ್ಮನೆ ಕೂತಿರಲಿಲ್ಲ. 1861ರಲ್ಲಿ ಟುನೀಸಿಯಾ ಲಿಖಿತ ಸಂವಿಧಾನ ಮಾಡಿಕೊಂಡಿತು. ಮೂರೇ ವರ್ಷಕ್ಕೆ ಅದನ್ನು ಅಮಾನತಿನಲ್ಲಿಡಲಾಯಿತು. 1876ರಲ್ಲಿ ತುರ್ಕಿಯ ಉಸ್ಮಾನಿ ಸಾಮ್ರಾಜ್ಯಕ್ಕೆ ಸಂವಿಧಾನ ಬಂತು. ಸುಲ್ತಾನ್ ಅಬ್ದುಲ್ ಹಮೀದ್ 1878ರಲ್ಲಿ ಸಂಸತ್ತನ್ನು ಮುಚ್ಚಿದ, ಅದು ಮತ್ತೆ ತೆರೆದದ್ದು 1908ರಲ್ಲಿ. ಕುರ್‌ಆನ್ ಸ್ವಂತದವರ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಲು ಹೇಳುತ್ತದೆ. ಧರ್ಮ ಹೀಗೆನ್ನುವಾಗ ಸುಲ್ತಾನನನ್ನು ಪ್ರಶ್ನಿಸುವ ಧೈರ್ಯ ಇಲ್ಲದೆ ಹೋದದ್ದು ಧರ್ಮದ ಕೊರತೆಯಲ್ಲ, ಸಂಸ್ಥೆಗಳ ಕೊರತೆ.

ಪಾಕಿಸ್ತಾನದ ಕಥೆ ಇನ್ನೂ ಸ್ಪಷ್ಟ. 1954ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಗುಲಾಂ ಮುಹಮ್ಮದ್ ಸಂವಿಧಾನ ರಚನಾ ಸಭೆಯನ್ನೇ ವಿಸರ್ಜಿಸಿದರು. ಸಭೆಯ ಅಧ್ಯಕ್ಷ ಮೌಲ್ವಿ ತಮೀಝುದ್ದೀನ್ ಖಾನ್ ಸುಮ್ಮನಿರದೆ ಸಿಂಧ್ ಕೋರ್ಟಿನ ಮೆಟ್ಟಿಲು ಹತ್ತಿದರು, ಅಲ್ಲಿ ಗೆದ್ದರು. 1955ರ ಮಾರ್ಚ್‌ನಲ್ಲಿ ಮುನೀರ್ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಫೆಡರಲ್ ಕೋರ್ಟ್ ಆ ತೀರ್ಪನ್ನು ತಾಂತ್ರಿಕ ಕಾರಣ ಕೊಟ್ಟು ಬದಿಗಿಟ್ಟಿತು. ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ ‘ನಜರಿಯಾ-ಎ-ಜರೂರತ್’ ಒಳಗೆ ಬಂತು. ಅಗತ್ಯ ಬಿದ್ದರೆ ಕಾನೂನುಬಾಹಿರವಾದದ್ದೂ ಕಾನೂನುಬದ್ಧವೇ ಎಂಬ ವಾದವಿದು. ಉರ್ದು ಓದಿದ ನಮಗೆ ‘ಜರೂರತ್’ ಮನೆಮಾತಿನ ಸಾಧು ಪದ. ಅದೇ ಪದ ಮುಂದೆ ಜನರಲ್‌ಗಳಿಗೆ ಹೆಬ್ಬಾಗಿಲಾಯಿತು. ತಮೀಝುದ್ದೀನ್ ಪ್ರಕರಣದಲ್ಲಿ ಭಿನ್ನಮತ ಬರೆದವರು ಒಬ್ಬರೇ: ಕ್ರೈಸ್ತರಾದ ನ್ಯಾಯಮೂರ್ತಿ ಕಾರ್ನೀಲಿಯಸ್. ಮೌಲ್ವಿಯ ಹಕ್ಕಿನ ಪರ ನಿಂತವರು ಅವರು! 2007ರಲ್ಲಿ ಮುಷರ್ರಫ್ ಮುಖ್ಯ ನ್ಯಾಯಮೂರ್ತಿಯನ್ನು ತೆಗೆದಾಗ ಕರಿ ಕೋಟಿನ ವಕೀಲರು ಬೀದಿಗಿಳಿದರು. 2009ರಲ್ಲಿ ಅವರನ್ನು ಮತ್ತೆ ಪೀಠಕ್ಕೆ ಕರೆತಂದರು. ಕಾರ್ನೀಲಿಯಸ್ ಅಂದು ಒಂಟಿಯಾಗಿ ಆಡಿದ ಮಾತಿಗೆ ಬೀದಿ ದನಿಗೂಡಿಸಿದಂತಿತ್ತು.

ಈಗ ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಂಧನದಲ್ಲಿರುವವರು ಹೇಬಿಯಸ್ ಕಾರ್ಪಸ್ ಕೇಳುವಂತಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟೇ ಹೇಳಿತು. ಐವರಲ್ಲಿ ಭಿನ್ನಮತ ಒಂದೇ, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರದು. ಬಹುಮತದ ನಾಲ್ವರಲ್ಲಿ ಒಬ್ಬರು ನ್ಯಾಯಮೂರ್ತಿ ಎಂ.ಎಚ್. ಬೇಗ್. ಹೆಸರು ನೋಡಿ ನ್ಯಾಯ ಅಳೆಯುವುದು ಎಷ್ಟು ಹುಸಿ ಎಂಬುದಕ್ಕೆ ಕಾರ್ನೀಲಿಯಸ್, ಬೇಗ್ ಇಬ್ಬರೇ ಸಾಕು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ರದ್ದುಮಾಡಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

1989ರಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ಕೇಂದ್ರ ವಜಾ ಮಾಡಿದಾಗ ಅವರೂ ಕೋರ್ಟಿಗೆ ಹೋದರು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಡುವಷ್ಟರಲ್ಲಿ ಚುನಾವಣೆಯೇ ಮುಗಿದು ಹೋಗಿತ್ತು, ಕುರ್ಚಿ ಮರಳಿ ಬರಲಿಲ್ಲ. ಆದರೆ ಬಹುಮತ ಸದನದಲ್ಲೇ ಸಾಬೀತಾಗಬೇಕು, ರಾಷ್ಟ್ರಪತಿ ಆಳ್ವಿಕೆಯನ್ನೂ ಕೋರ್ಟ್ ಪರಿಶೀಲಿಸಬಹುದು ಎಂಬ ನಿಯಮ ಉಳಿಯಿತು.

ಕೊಡಗಿನ ಅರಸ, ಬಂಗಾಳದ ಮೌಲ್ವಿ, ಕರ್ನಾಟಕದ ಮುಖ್ಯಮಂತ್ರಿ ಕೇಳಿದ್ದು ಒಂದೇ: ‘ಅಧಿಕಾರವಿದೆ ಎಂದ ಮಾತ್ರಕ್ಕೆ ಹೀಗೆ ಮಾಡಬಹುದೇ?’ ಮೂವರಿಗೂ ಕಳೆದುಕೊಂಡದ್ದು ಸಿಗಲಿಲ್ಲ. ಮೂರನೆಯವರಿಗೆ ಉತ್ತರವಾದರೂ ಸಿಕ್ಕಿತು. ಟುನೀಸಿಯಾದ ಜನ 2014ರಲ್ಲಿ ಹೊಸ ಸಂವಿಧಾನ ಬರೆದುಕೊಂಡರು, 2021ರಲ್ಲಿ ಅಧ್ಯಕ್ಷ ಸಂಸತ್ತನ್ನು ತಡೆಹಿಡಿದ. ಅಲ್ಲಿಯ ಜನ ಇನ್ನೂ ಕೇಳುತ್ತಿದ್ದಾರೆ.

ಮುಂದಿನ ಮಳೆಗಾಲಕ್ಕೆ ಗಾಳಿಬೀಡಿನಲ್ಲಿ ಮತ್ತೆ ಆ ಪ್ರಶ್ನೆ ಬಂದರೆ ನಾವು ಹೇಳುವುದಿಷ್ಟೇ: ಸಂವಿಧಾನ ನಿಲ್ಲುವುದು ಧರ್ಮದ ಹೆಸರಿನಿಂದಲ್ಲ, ದೊರೆಯನ್ನು ಕೋರ್ಟಿಗೆ ಕರೆಯುವ ಜನರಿಂದ. ಅಂಥವರು ಅಲ್ಲಿಯೂ ಇದ್ದರು, ಇಲ್ಲಿಯೂ ಇದ್ದರು. ಇಲ್ಲಿಯೂ ಕಡಿಮೆಯಾಗದಂತೆ ನೋಡಿಕೊಳ್ಳುವುದು ನಿಮ್ಮ, ನಮ್ಮ ಇಬ್ಬರ ಕೆಲಸ.