ದಣಿದ ಎತ್ತಿಗೆ ಬಾರುಕೋಲೇ?

‘ಹಾರ್ಟು ಫೇಲಾಯಿತು’ ಎಂದು ನಮ್ಮಲ್ಲಿ ಯಾರಾದರೂ ಹೇಳಿದರೆ ಆ ಮನುಷ್ಯನ ಕಥೆ ಅಲ್ಲಿಗೆ ಮುಗಿಯಿತೆಂದೇ ತಿಳಿಯುತ್ತೇವೆ. ವೈದ್ಯರ ಅರ್ಥ ಬೇರೆ. ಅವರು ಹೇಳುವ ಹೃದಯ ವೈಫಲ್ಯ ವರ್ಷಗಟ್ಟಲೆ ಸಾಗುವ ದಣಿವು. ಕಾಲು ಬಾಯುತ್ತದೆ, ನಾಲ್ಕು ಮೆಟ್ಟಲು ಹತ್ತುವುದರೊಳಗೆ ಏದುಸಿರು ಬರುತ್ತದೆ. ಕನ್ನಡ ಪಾಠ ಹೇಳುವ ನನಗೆ ಇದರ ಮದ್ದುಗಳ ಗುಣಕ್ಕಿಂತ, ಅವುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ತೂಗಿ ನೋಡಿದ ಚರಿತ್ರೆಯೇ ಹೆಚ್ಚು ರುಚಿಸಿತು.

1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗನ ಮುಂದೆ ಒಂದು ಮನೆಮದ್ದು ಬಂತು. ಷ್ರಾಪ್‌ಷೈರಿನ ಮುದುಕಿಯೊಬ್ಬಳು ಬಹುಕಾಲ ಗುಟ್ಟಾಗಿಟ್ಟಿದ್ದ ಮದ್ದು ಅದು. ಮೈಗೆ ನೀರು ತುಂಬಿ ಊದಿಕೊಂಡವರಿಗೆ, ಕಲಿತ ವೈದ್ಯರು ಕೈಚೆಲ್ಲಿದ ಮೇಲೂ, ಅದರಿಂದ ಗುಣವಾದದ್ದುಂಟಂತೆ. ಇಪ್ಪತ್ತಕ್ಕೆ ಕಡಮೆಯಿಲ್ಲದ ಅದರ ಮೂಲಿಕೆಗಳಲ್ಲಿ ಕೆಲಸ ಮಾಡುವುದು ಫಾಕ್ಸ್‌ಗ್ಲವ್ ಎಂಬ ಹೂಗಿಡವೊಂದೇ ಎಂದು ಆತ ಊಹಿಸಿದ. ಅಳತೆ ಮೀರಿದರೆ ಅದು ವಿಷ. ಹತ್ತು ವರ್ಷ ಪರೀಕ್ಷಿಸಿ, 1785ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತನ್ನ 163 ರೋಗಿಗಳ ವೃತ್ತಾಂತವನ್ನು, ಗುಣವಾಗದವರನ್ನೂ ಬಿಡದೆ, ಬರೆದಿಟ್ಟ. ಗೆದ್ದ ಕಥೆಗಳನ್ನಷ್ಟೇ ಆರಿಸಿಕೊಂಡಿದ್ದರೆ ಆತನನ್ನು ಕೇಳುವವರಿರಲಿಲ್ಲ. ಆತ ಹಾಗೆ ಮಾಡಲಿಲ್ಲವೆಂಬುದು, ನನ್ನ ಮಟ್ಟಿಗೆ, ಮದ್ದು ಕಂಡುಹಿಡಿದದ್ದಕ್ಕಿಂತ ದೊಡ್ಡದು.

ಆದರೂ ಒಂದು ಪ್ರಶ್ನೆ ಉಳಿಯಿತು. ಮದ್ದು ಕೊಡದಿದ್ದರೆ ಅವರ ಗತಿ ಏನಾಗುತ್ತಿತ್ತು? ಅದೇ ಜಾತಿಯ ಗಿಡದಿಂದ ತೆಗೆದ ಡಿಗಾಕ್ಸಿನ್ನಿನ ಮಟ್ಟಿಗೆ ದೊಡ್ಡ ಉತ್ತರ ಸಿಕ್ಕಿದ್ದು 1997ರಲ್ಲಿ. 6800 ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಆ ಮದ್ದು, ಉಳಿದವರಿಗೆ ಹುಸಿಮಾತ್ರೆ. ಸತ್ತವರು ಎರಡು ಕಡೆಯೂ ಶೇಕಡ 35ರ ಆಸುಪಾಸು! ರೋಗ ಉಲ್ಬಣಿಸಿ ಆಸ್ಪತ್ರೆ ಸೇರಿದವರು ಮಾತ್ರ ಶೇಕಡ 35ರಿಂದ 27ಕ್ಕೆ ಇಳಿದಿದ್ದರು.

ಸೋತ ಹೃದಯಕ್ಕೆ ಬಲ ತುಂಬಬೇಕೆಂಬುದು ಸಹಜವಾದ ತರ್ಕವೇ. ಮಿಲ್ರಿನೋನ್ ಎಂಬ ಮಾತ್ರೆ ಹೃದಯವನ್ನು ಬಿರುಸಾಗಿ ಮಿಡಿಸಿತು. 1991ರಲ್ಲಿ ಲೆಕ್ಕ ಹಾಕಿದಾಗ ಅದನ್ನು ನುಂಗಿದವರಲ್ಲಿ ಸಾವಿನ ಪ್ರಮಾಣ ಶೇಕಡ 28ರಷ್ಟು ಹೆಚ್ಚಿತ್ತು. ದಣಿದ ಎತ್ತು ಬಾರುಕೋಲಿನ ಏಟಿಗೆ ನಾಲ್ಕು ಹೆಜ್ಜೆ ಓಡೀತು, ಆಮೇಲೆ? ಹೊರೆ ಇಳಿಸುವ ದಾರಿ ಅಷ್ಟರಲ್ಲೇ ಕಂಡಿತ್ತು. ರಕ್ತನಾಳಗಳನ್ನು ಸಡಿಲಿಸುವ ಎನಲಾಪ್ರಿಲ್ ಮದ್ದನ್ನು ಸ್ವೀಡನ್, ನಾರ್ವೆ, ಫಿನ್‌ಲೆಂಡುಗಳ 253 ಮಂದಿ ತೀವ್ರ ರೋಗಿಗಳಲ್ಲಿ ಪರೀಕ್ಷಿಸಿದ ವರದಿ 1987ರಲ್ಲಿ ಬಂತು. ಆರು ತಿಂಗಳಲ್ಲಿ ಹುಸಿಮಾತ್ರೆಯವರಲ್ಲಿ ಶೇಕಡ 44, ಮದ್ದಿನವರಲ್ಲಿ 26 ಸಾವು.

ಇನ್ನೂ ವಿಚಿತ್ರವೆಂದರೆ ಹೃದಯದ ವೇಗಕ್ಕೆ ಕಡಿವಾಣ ಹಾಕುವ ಬೀಟಾ ಬ್ಲಾಕರುಗಳ ಕಥೆ. ಸೋತ ಹೃದಯಕ್ಕೆ ಇವು ನಿಷಿದ್ಧವೆಂದೇ ವೈದ್ಯರು ಓದಿದ್ದರು. 1975ರಲ್ಲಿ ಸ್ವೀಡನ್ನಿನ ವಾಗ್‌ಸ್ಟೀನ್ ಮತ್ತು ಸಂಗಡಿಗರು ಏಳು ರೋಗಿಗಳಿಗೆ ಕೊಟ್ಟು ಸುಧಾರಿಸಿದರೆಂದು ಬರೆದಾಗ ನಂಬಿದವರು ವಿರಳ. 1999ರಲ್ಲಿ, 2647 ರೋಗಿಗಳ ಪರೀಕ್ಷೆಯನ್ನು ಗುಣ ಸ್ಪಷ್ಟವಾಯಿತೆಂದು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು: ಹುಸಿಮಾತ್ರೆಯಲ್ಲಿ ಶೇಕಡ 17, ಬಿಸೊಪ್ರೊಲಾಲ್ ಮದ್ದಿನಲ್ಲಿ 12 ಸಾವು. ನಡುವೆ ಇಪ್ಪತ್ತನಾಲ್ಕು ವರ್ಷ.

ವಿದರಿಂಗನ ಗಿಡದ ಸರದಿ ಇನ್ನೂ ತೀರಿರಲಿಲ್ಲ. ಅದರ ಡಿಜಿಟಾಕ್ಸಿನ್ ಸಾರವನ್ನು ಜರ್ಮನಿ, ಆಸ್ಟ್ರಿಯ, ಸೆರ್ಬಿಯಗಳಲ್ಲಿ 1200ಕ್ಕೂ ಮಿಕ್ಕ ರೋಗಿಗಳಿಗೆ, ಈಗಿನ ಮದ್ದುಗಳ ಜೊತೆಗೇ, ಕೊಟ್ಟು ನೋಡಿದ ಫಲ 2025ರಲ್ಲಿ ಪ್ರಕಟವಾಯಿತು. ಸಾವು ಅಥವಾ ಆಸ್ಪತ್ರೆ ಕಂಡವರು ಹುಸಿಮಾತ್ರೆಯಲ್ಲಿ ಶೇಕಡ 44. ಆ ಎಲೆಯ ಸಾರ ಸೇವಿಸಿದವರಲ್ಲಿ 39.5.